ಕಾರಿನಡಿಯ ಒಣ ರಟ್ಟು

ನಮ್ಮ ಹಳೇ ಕಾರಿನಲ್ಲಿ ಇಂಜಿನ್ ತಂಪಾಗಿಡುವ ಕೂಲೆಂಟ್ ಕಡಿಮೆಯಾಗತೊಡಗಿದಾಗ ನನಗೆ ಮೊದಲು ಅನುಮಾನ ಬಂದದ್ದು ಮಹಡಿ ಮನೆಯ ಬಾಡಿಗೆದಾರನ ಮೇಲೆ. ಅವನಿಗೂ ಅಂಥದ್ದೇ ಒಂದು ಕಾರಿತ್ತು. "ಆ ಹಸಿರು ನೀರು ಕದ್ದು ಅವನೇನು ಪಾಯಸ ಮಾಡ್ತಾನಾ?" ಎಂದು ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ. ಪೀಣ್ಯದ ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ತಪಾಸಣೆ ಮಾಡುವುದು ನನ್ನ ಕೆಲಸ. ಸರಿಯಿದೆ ಎಂದು ಯಾರು ಹೇಳಿದರೂ ನಂಬದಿರುವುದಕ್ಕೇ ನನಗೆ ಸಂಬಳ.

ಕಾರು ನಿಜಕ್ಕೂ ನನ್ನ ಮಾವನದು. ಲಾರಿ ಓಡಿಸುವುದನ್ನು ಬಿಟ್ಟ ಮೇಲೆ ಆಸೆಪಟ್ಟು ಕೊಂಡದ್ದು. ಕಣ್ಣು ಮಂಜಾಗಿ ಮಾಕಳಿಯಿಂದ ದಾಸರಹಳ್ಳಿಯ ನಮ್ಮ ಮನೆಗೆ ಬಂದಾಗ ಕೀಯನ್ನು ನನ್ನ ಕೈಗೆ ಕೊಟ್ಟರು. ಕೊಟ್ಟರೂ ದಿನಾ ಬೆಳಿಗ್ಗೆ ನಾನು ಏಳುವ ಮೊದಲೇ ಕಾರನ್ನು ಒರೆಸಿ ಇಟ್ಟಿರುತ್ತಿದ್ದರು. ಹಿಂದೊಮ್ಮೆ ಅದು ಫ್ಲೈಓವರ್ ಮೇಲೆ ಕೆಟ್ಟು ನಿಂತ ಸಿಟ್ಟಿಗೆ, "ಇನ್ನೊಂದ್ಸಲ ಕೈಕೊಟ್ರೆ ಗುಜರಿಗೆ ಹಾಕ್ಬಿಡ್ತೀನಿ" ಎಂದು ಊಟದ ಹೊತ್ತಿನಲ್ಲಿ ಕೂಗಾಡಿದ್ದೆ. ಮಾವ ಅರ್ಧ ಊಟಕ್ಕೇ ಎದ್ದು ಕೈ ತೊಳೆದಿದ್ದರು.

ಕಾರಿನ ಕೆಳಗೆ ರಟ್ಟು ಹಾಸಿ ನೋಡಿದೆ. ಬೆಳಿಗ್ಗೆ ಅದರ ಮೇಲೆ ಒಂದು ಹನಿಯೂ ಇರಲಿಲ್ಲ. ಹೊರಗೆ ಸೋರದ ನೀರು ಹೋಗುವುದಾದರೂ ಎಲ್ಲಿಗೆ? ಅಷ್ಟರಲ್ಲಿ ಸೈಲೆನ್ಸರಿನಿಂದ ಬಿಳಿ ಹೊಗೆ ಬರತೊಡಗಿತು. ಗ್ಯಾರೇಜಿಗೆ ಹೊರಟೆ. ಕರೆಯದಿದ್ದರೂ ಮಾವ ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದರು.

ಮೆಕ್ಯಾನಿಕ್ ಆಯಿಲ್ ಮುಚ್ಚಳ ತೆಗೆದು ತೋರಿಸಿದ. ಅದರ ಒಳಗೆಲ್ಲ ಹಾಲು ಜಾಸ್ತಿಯಾದ ಕಾಫಿ ಬಣ್ಣದ ಲೋಳೆ.

"ನೀರು ಇಂಜಿನ್ ಒಳಗೇ ಹೋಗ್ತಿದೆ ಸಾರ್. ಅದನ್ನ ತಡೆಯೋ ಹೆಡ್ ಗ್ಯಾಸ್ಕೆಟ್ ಹೋಗಿದೆ. ಬಿಚ್ಬೇಕು."

ಬಿಚ್ಚಬೇಕು ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆ ಲೋಳೆಯನ್ನು ಅವನೇ ಬಳಿದಿದ್ದರೆ? "ಬರೀ ಮುಚ್ಚಳ ನೋಡಿ ಹೇಳ್ಬೇಡಿ, ಟೆಸ್ಟ್ ಮಾಡಿ" ಎಂದೆ.

"ಅಂಗೇಳಿ" ಎಂದು ಮಾವ ದನಿಗೂಡಿಸಿದರು. "ಇವ್ರೆಲ್ಲಾ ಇಂಗೇನೇ. ಇಂಜಿನ್‌ಗೆ ಏನೂ ಆಗಿಲ್ಲ."

ಸರಿಯಾಗಿ ಕಣ್ಣೇ ಕಾಣದವರಿಗೆ ಅಷ್ಟೊಂದು ಖಾತ್ರಿ ಎಲ್ಲಿಂದ ಬಂತು? ನನ್ನ ಅನುಮಾನ ಮೆಕ್ಯಾನಿಕ್‌ನನ್ನು ಬಿಟ್ಟು ಅವರ ಕಡೆ ತಿರುಗಿತು.

ಮೆಕ್ಯಾನಿಕ್ ರೇಡಿಯೇಟರಿಗೆ ಪಂಪ್ ಕಟ್ಟಿ ಗಾಳಿ ತುಂಬಿದ. ಹೊರಗೆ ಎಲ್ಲೂ ಒದ್ದೆಯಾಗಲಿಲ್ಲ, ಆದರೆ ಒತ್ತಡ ತೋರಿಸುವ ಮೀಟರಿನ ಮುಳ್ಳು ಮೆಲ್ಲಗೆ ಇಳಿಯಿತು. ಪ್ಲಗ್ ಬಿಚ್ಚಿ ಇಂಜಿನ್ ತಿರುಗಿಸಿದಾಗ ಒಂದು ತೂತಿನಿಂದ ನೀರು ಚಿಮ್ಮಿತು. ಇನ್ನು ವಾದಕ್ಕೆ ಜಾಗವಿರಲಿಲ್ಲ. ಅವನು ರೇಡಿಯೇಟರನ್ನು ಬಕೆಟ್ಟಿಗೆ ಬಸಿದಾಗ ತಳದಲ್ಲಿ ಹಳದಿ ಗಸಿ ನಿಂತಿತು. ಮೂಸಿ ನೋಡಿದೆ. ಅದು ನಮ್ಮ ಅಡುಗೆಮನೆಯದೇ ವಾಸನೆ.

"ಅರಿಶಿನ ಯಾರು ಸಾರ್ ಹಾಕಿದ್ದು?" ಎಂದ ಮೆಕ್ಯಾನಿಕ್. "ಹಳೇ ಲಾರಿ ಡ್ರೈವರ್‌ಗಳು ಹಿಂಗೇ ಮಾಡೋರು. ಸಣ್ಣ ತೂತು ಮುಚ್ಕೊಳುತ್ತೆ. ಜಾಸ್ತಿ ಹಾಕಿದ್ರೆ ರೇಡಿಯೇಟರೇ ಕಟ್ಕೊಂಡು ಇಂಜಿನ್ ಹೀಟಾಗಿ ಗ್ಯಾಸ್ಕೆಟ್ ಹೋಗ್ಬಿಡುತ್ತೆ."

ಮಾವ ರಸ್ತೆಯ ಕಡೆ ಮುಖ ತಿರುಗಿಸಿದರು. ನನಗೆ ಸಿಟ್ಟು ಬಂತು, ಅದರ ಬೆನ್ನಿಗೇ ಅಯ್ಯೋ ಅನ್ನಿಸಿತು.

"ನನಗೊಂದು ಮಾತು ಹೇಳ್ಬಾರ್ದಿತ್ತಾ ಮಾವ?"

"ರೇಡಿಯೇಟರ್ ಒಸಿ ಸೋರ್ತಿತ್ತು. ಏಳಿದ್ರೆ ಗುಜರಿಗೆ ಆಕ್ತಿದ್ರಿ."

ಬಿಚ್ಚುವಂತೆ ಮೆಕ್ಯಾನಿಕ್‌ಗೆ ಹೇಳಿದೆ. "ಗುಜರಿಗೆ ಹಾಕಲ್ಲ, ರಿಪೇರಿ ಮಾಡಿಸ್ತೀನಿ. ಬನ್ನಿ, ಆಟೋದಲ್ಲಿ ಮನೆಗೆ ಹೋಗೋಣ" ಎಂದೆ.

ಮಾವ ಅಲ್ಲಿದ್ದ ಸ್ಟೂಲನ್ನು ಎಳೆದುಕೊಂಡು, ಕಾರಿಗೆ ಬೆನ್ನು ತಾಗಿಸಿ ಕೂತರು.

"ನೀವು ಓಗಿ ಅಳಿಯಂದ್ರೆ" ಎಂದು ಅಂಗೈ ಚಾಚಿದರು. "ಕೀ ಮಾತ್ರ ನನ್ ಕೈಗ್ ಕೊಟ್ಟೋಗಿ."