ತಿಳಿಪುಡಿ ಕರಗಿಸುತ್ತಿದ್ದ ಮರಿಸ್ವಾಮಿ

ಮರಿಸ್ವಾಮಿ ಏನನ್ನೇ ಆಗಲಿ ಮೊದಲು ಮೂಸುತ್ತಿದ್ದರು. ಕಾಫಿ ಲೋಟ ಕೈಗೆ ಬಂದರೆ ಅದು ಮೊದಲು ಹೋಗುತ್ತಿದ್ದುದು ಮೂಗಿನ ಹತ್ತಿರಕ್ಕೆ, ಆಮೇಲೆ ತುಟಿಗೆ. ನನ್ನ ಕೈಯಿಂದ ಪತ್ರಿಕೆ ಇಸಿದುಕೊಂಡರೆ ತಲೆಬರಹ ಓದುವ ಮೊದಲು ಮಡಿಕೆ ಬಿಡಿಸಿ ಒಮ್ಮೆ ಉಸಿರೆಳೆದು, "ಇವತ್ತು ಇಂಕು ಜಾಸ್ತಿ ಆಗದೆ ಸಾ" ಎನ್ನುತ್ತಿದ್ದರು. ಹೊಸ ಅಂಗಿ, ಮಗಳ ಶಾಲೆಯ ಚೀಲ, ಸೊಪ್ಪಿನ ಕಟ್ಟು ಎಲ್ಲವೂ ಈ ಪರೀಕ್ಷೆ ದಾಟಿಯೇ ಮನೆಯೊಳಗೆ ಬರಬೇಕಿತ್ತು. ನಕ್ಕವರಿಗೆ ಉತ್ತರ ಸಿದ್ಧವಾಗಿತ್ತು: "ನಾಲ್ಗೆಗೆ ಸಕ್ರೆ ಆಕಿ ಯಾಮಾರುಸ್ಬೋದು. ಮೂಗ್ಗೆ ಏನ್ ಆಕೀರಿ?"

ತೊಂಬತ್ತರ ದಶಕದ ಮಧ್ಯದಲ್ಲಿ ನಾನು ಮೈಸೂರಿನ ಒಂದು ದಿನಪತ್ರಿಕೆಗೆ ನಂಜನಗೂಡಿನಿಂದ ಸುದ್ದಿ ಕಳಿಸುತ್ತಿದ್ದೆ. ಕೈಗಾರಿಕಾ ಪ್ರದೇಶದ ಕ್ಯಾಂಟೀನುಗಳಲ್ಲಿ ಪಾಳಿ ಬಿಡುವ ಹೊತ್ತಿಗೆ ಕುಳಿತರೆ ಅರ್ಧ ಸುದ್ದಿ ತಾನಾಗಿ ಬರುತ್ತಿತ್ತು. ಮರಿಸ್ವಾಮಿಯವರನ್ನು ಮೊದಲು ಕಂಡದ್ದು ಅಲ್ಲೇ, ಕ್ಯಾಂಟೀನಿನ ಮಾದೇವನೊಂದಿಗೆ ಜಗಳದಲ್ಲಿ.

"ಲೇ ಮಾದೇವ, ಈ ಹಾಲು ನೆನ್ನೇದು ಕಣ್ಲಾ."

"ನಿನ್ ಮೂಗ್ನ ಕುಯ್ದು ಡೈರಿಗೆ ಕೊಟ್ರೆ ಅವ್ರು ಮಿಷಿನ್ನೇ ಬ್ಯಾಡ ಅಂತಾರೆ. ಕುಡಿ ಸುಮ್ಕೆ."

"ನೆನ್ನೇದು ಅನ್ನು, ಕುಡೀತೀನಿ. ಇವತ್ತಿಂದು ಅನ್ಬೇಡ."

ಕೊನೆಗೆ ಮಾದೇವ "ನೆನ್ನೇದು, ತಪ್ಪಾಯ್ತು, ಕುಡಿ ನಮ್ಮಪ್ಪ" ಎಂದ. ಮರಿಸ್ವಾಮಿ ಕುಡಿದರು. ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ಅವರ ಊರು ತಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆ. ತಂದೆ ಸುತ್ತಲಿನ ಹಳ್ಳಿಗಳಲ್ಲಿ ಸತ್ತ ದನಗಳನ್ನು ಎತ್ತುತ್ತಿದ್ದವರು. ತೊಗಲು ಮಾರಿದ ಮೇಲೆ ಉಳಿದ ಚೂರುಗಳನ್ನೂ ಮೂಳೆಗಳನ್ನೂ ಹಂಡೆಯಲ್ಲಿ ಬೇಯಿಸಿ, ಬಡಗಿಗಳು ಮರಕ್ಕೆ ಹಚ್ಚುವ ಅಂಟು ಮಾಡಿ ಕೊಡುತ್ತಿದ್ದರು. ಮರಿಸ್ವಾಮಿ ಎಸ್ಸೆಸ್ಸೆಲ್ಸಿ ಓದಿ ಆ ಹಂಡೆಯಿಂದ ದೂರ ಬಂದಿದ್ದರು. ಬೌದ್ಧ ದೀಕ್ಷೆ ಪಡೆದ ವರ್ಷವೇ ಮಾಂಸ ಬಿಟ್ಟಿದ್ದರು. ಬಿಡು ಎಂದು ಯಾರೂ ಹೇಳಿರಲಿಲ್ಲ. "ಸಾಕಾಗೋಗಿತ್ತು ಸಾ. ಆ ವಾಸ್ನೇಲೇ ಹುಟ್ಟಿ ಬೆಳದೋನು" ಎಂದಷ್ಟೇ ಕಾರಣ ಕೊಟ್ಟರು. ಅವರ ಮನೆಗೆ ಒಮ್ಮೆ ಊಟಕ್ಕೆ ಹೋಗಿದ್ದಾಗ ಭಾವಮೈದುನ ಗೇಲಿ ಮಾಡುತ್ತಿದ್ದ.

"ನಮ್ ಬಾವ ಐನೋರಾಗ್ಬುಟ್ರು ಸಾ. ಕೋಳಿ ಕುಯ್ದ್ರೆ ಎದ್ದು ಆಚ್ಗೋಯ್ತಾರೆ."

"ಕೋಳಿಗೂ ಅದು ಗೊತ್ತು ಕಣ್ಲಾ. ನನ್ ಕಂಡ್ರೆ ಕಾಲತ್ರ ಬತ್ತದೆ, ನಿನ್ ಕಂಡ್ರೆ ಸೂರ್ ಹತ್ತದೆ."

ಅವರು ಕೆಲಸ ಮಾಡುತ್ತಿದ್ದದ್ದು ತರಕಾರಿ ರಸವನ್ನು ಬಾಟಲಿಗೆ ತುಂಬುವ ಒಂದು ಸಣ್ಣ ಕಾರ್ಖಾನೆಯಲ್ಲಿ. ಕ್ಯಾರೆಟ್, ಬೀಟ್‌ರೂಟ್, ಬೂದುಗುಂಬಳ. ಬಾಟಲಿಯ ಮೇಲೆ ಹಸಿರು ಎಲೆಯ ಚಿತ್ರ, ಕೆಳಗೆ 'ನೂರಕ್ಕೆ ನೂರು ತರಕಾರಿ'. ಬೂದುಗುಂಬಳದ ರಸ ಗಾಜಿನಷ್ಟೇ ತಿಳಿಯಾಗಿ ಕಾಣುತ್ತಿತ್ತು. ಆಪರೇಷನ್ ಆದವರು, ರಕ್ತ ಕಡಿಮೆಯಾದವರು ಈ ರಸಗಳನ್ನು ಔಷಧಿಯಂತೆ ಕುಡಿಯುತ್ತಿದ್ದರು.

ಅಂಥವರಲ್ಲಿ ಒಬ್ಬರು ಬನ್ನೂರಿನ ಪುಟ್ಟಗೌರಮ್ಮ. ಗದ್ದೆ, ಕಬ್ಬು, ಹಸುಗಳಿದ್ದ ಲಿಂಗಾಯತರ ಮನೆಯ ಹಿರಿಯರು. ಮರಿಸ್ವಾಮಿಯ ತಾಯಿಯ ತವರು ಬನ್ನೂರು. ಮದುವೆಗೆ ಮೊದಲು ಆಕೆ ಈ ಮನೆಯ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ಎದೆಹಾಲು ಬರಲಿಲ್ಲ. ಪುಟ್ಟಗೌರಮ್ಮ ಪ್ರತಿದಿನ ಹಸುವಿನ ಹಾಲು ಕಳಿಸಿದ್ದರು. "ನಾನು ಅವ್ರ್ ಮನೆ ಹಾಲ್ ಕುಡ್ದು ಬದ್ಕುದೋನು ಸಾ" ಎಂದು ಮರಿಸ್ವಾಮಿ ಹೇಳುವಾಗ ದನಿಯಲ್ಲಿ ಲೆಕ್ಕಾಚಾರವಿರುತ್ತಿರಲಿಲ್ಲ. ಆದರೆ ಹಿಂದಿನವರಂತೆ ಒಡೆಯರನ್ನು 'ಬುದ್ಧಿ' ಎಂದು ಕರೆಯುವುದನ್ನು ಅವರು ಬಿಟ್ಟಿದ್ದರು. 'ಅಮ್ಮಾರೆ' ಎನ್ನುತ್ತಿದ್ದರು.

ಪುಟ್ಟಗೌರಮ್ಮನಿಗೆ ಕಾಯಿಲೆಯಾಗಿ ವೈದ್ಯರು ರಸ ಕುಡಿಯಲು ಹೇಳಿದಾಗ ಮರಿಸ್ವಾಮಿ ಕಾರ್ಖಾನೆಯ ದರದಲ್ಲಿ ಬಾಟಲಿ ಕೊಂಡು ವಾರವಾರ ಬಸ್ಸಿನಲ್ಲಿ ಒಯ್ಯತೊಡಗಿದರು. ಜಗಲಿಯ ಆಚೆಗೆ ಅವರೆಂದೂ ದಾಟಿದವರಲ್ಲ. ಅವರ ಕೈಯಿಂದ ಆ ಮನೆಯವರು ಒಂದು ಲೋಟ ನೀರನ್ನೂ ಮುಟ್ಟಿರಲಿಲ್ಲ. ಬಾಟಲಿಯ ವಿಷಯ ಬೇರೆಯಾಯಿತು. "ಸೀಲ್ ಆಗದಲ್ಲ, ತಕಳವ್ವ" ಎಂದು ಪುಟ್ಟಗೌರಮ್ಮ ಸೊಸೆಗೆ ಹೇಳಿದರು. ಸೊಸೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಳಗೆ ಒಯ್ದಳು. ಇದನ್ನು ಹೇಳುವಾಗ ಮರಿಸ್ವಾಮಿ ನಕ್ಕರು. "ಮುಚ್ಳ ಬಿಗಿಯಾಗಿದ್ರೆ ನಮ್ ಕೈ ಅಂಟಾಕಿಲ್ಲ ನೋಡಿ ಸಾ." ನಗುವಿನ ಹಿಂದೆ ಸಣ್ಣ ಹೆಮ್ಮೆಯೂ ಇತ್ತು. ಅದನ್ನು ಮುಚ್ಚಿಡಲು ಅವರು ಹೆಚ್ಚು ಪ್ರಯತ್ನಿಸಲಿಲ್ಲ.

ಎರಡು ವರ್ಷ ಹೀಗೆ ನಡೆಯಿತು. ಅಷ್ಟೂ ಕಾಲ ಅವರಿಗೆ ಬಾಟಲಿ ತೊಳೆಯುವ ಕೆಲಸ. ಆಮೇಲೆ ಟ್ಯಾಂಕಿನ ಕೆಲಸದವನು ಬಿಟ್ಟು ಹೋದ, ಇವರನ್ನು ಅಲ್ಲಿಗೆ ಹಾಕಿದರು. ಹಿಂಡಿದ ರಸ ಮಬ್ಬಾಗಿರುತ್ತದೆ. ಬಿಸಿನೀರಿನಲ್ಲಿ ಕರಗಿಸಿದ ಒಂದು ಪುಡಿಯನ್ನು ಟ್ಯಾಂಕಿಗೆ ಸುರಿದರೆ ಅದು ಮಬ್ಬನ್ನೆಲ್ಲ ಹಿಡಿದುಕೊಂಡು ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಸೋಸಿ ತುಂಬುತ್ತಾರೆ. ಕೆಲಸಗಾರರು ಅದನ್ನು ತಿಳಿಪುಡಿ ಎನ್ನುತ್ತಿದ್ದರು. ಅದು ಏನೆಂದು ಯಾರೂ ಕೇಳಿರಲಿಲ್ಲ.

ಮೊದಲ ದಿನದ ಪಾಳಿ ಮುಗಿಸಿ ಮರಿಸ್ವಾಮಿ ಕ್ಯಾಂಟೀನಿಗೆ ಬಂದರು. ಕಾಫಿಯನ್ನು ಮೂಸಲಿಲ್ಲ, ಲೋಟವನ್ನು ಪಕ್ಕಕ್ಕೆ ಸರಿಸಿದರು.

"ಸಾ, ಆ ಪುಡಿ ಮೂಳೇದು."

"ಹೇಗೆ ಹೇಳ್ತೀರಿ?"

"ಬಿಸ್ನೀರ್ ಉಯ್ದೆ. ನಮ್ಮಪ್ಪನ್ ಹಂಡೆ ಮುಂದೆ ನಿಂತಂಗಾಯ್ತು."

ವಾಸನೆಯನ್ನು ಆಧಾರವಾಗಿಟ್ಟು ಸುದ್ದಿ ಬರೆಯಲಾಗದು. ಪುಡಿಯ ಚೀಲದ ಮೇಲೆ ಜೆಲಟಿನ್ ಎಂದಿರುವುದನ್ನು ಅವರು ಹೇಳಿದರು, ನಾನು ಹೋಗಿ ನೋಡಿದೆ. ಮೈಸೂರಿನ ಕಾಲೇಜೊಂದರ ರಸಾಯನಶಾಸ್ತ್ರದ ಅಧ್ಯಾಪಕರನ್ನು ಕೇಳಿದೆ. ದನದ ಮೂಳೆ ಮತ್ತು ತೊಗಲಿನಿಂದ ತೆಗೆಯುತ್ತಾರೆ, ರಸ ತಿಳಿಗೊಳಿಸಲು ಬಹಳ ಕಡೆ ಬಳಸುತ್ತಾರೆ ಎಂದರು. ಕಾರ್ಖಾನೆಯ ಮ್ಯಾನೇಜರ್ ಕೂಡ ಆ ದಿನ ಅಲ್ಲಗಳೆಯಲಿಲ್ಲ. "ಸೋಸಿ ತೆಗೀತೀವಲ್ಲ ಸರ್, ಉಳಿಯೋದು ಏನೂ ಇಲ್ಲ. ಲೇಬಲ್‌ನಲ್ಲಿ ಹಾಕಬೇಕು ಅಂತ ಕಾನೂನೂ ಇಲ್ಲ. ಇದೆಲ್ಲ ಬರೀಬೇಡಿ" ಎಂದರು.

ಮರಿಸ್ವಾಮಿಗೆ ಕಾನೂನಿನ ಚಿಂತೆ ಇರಲಿಲ್ಲ. "ಅಮ್ಮಾರ್ಗೆ ಯಂಗ್ ಯೋಳ್ಲಿ?" ಎಂದರು.

ಒಯ್ಯುವುದನ್ನು ನಿಲ್ಲಿಸಿದರೆ ಸಾಕು, ಹೇಳಲೇಬೇಕೆಂದೇನಿಲ್ಲ ಎಂದೆ.

"ಅಂಗ್ಡೀಲೂ ಸಿಕ್ತದಲ್ಲ ಸಾ. ನಾನ್ ನಿಲ್ಸುದ್ರೆ ಅಲ್ಲಿಂದ ತರುಸ್ತಾರೆ. ಮೊಟ್ಟೆ ಒಳೀಕ್ ಬರ್ದಿರೋ ಮನೆ ಅದು. ಗೊತ್ತಿದ್ದೂ ಗೊತ್ತಿದ್ದೂ ಕುಡೀಲಿ ಅಂತ ಬುಡದಾ?"

ಆ ಭಾನುವಾರ ಅವರು ಬರಿಗೈಯಲ್ಲಿ ಬನ್ನೂರಿಗೆ ಹೋದರು. ನಡೆದದ್ದನ್ನು ಮಾರನೆಯ ದಿನ ಅವರೇ ನನಗೆ ಹೇಳಿದರು. ಜಗಲಿಯ ಕೆಳಗೆ ನಿಂತು ಎಲ್ಲವನ್ನೂ ವಿವರಿಸಿದರು. ಪುಟ್ಟಗೌರಮ್ಮನ ಪಕ್ಕದಲ್ಲಿದ್ದ ಮಗ ಮಲ್ಲೇಶ ಕೇಳಿದ:

"ಯಾರ್ಗೂ ಗೊತ್ತಾಗ್ದೇ ಇದ್ದದ್ದು ನಿಂಗೊಬ್ಬನ್ಗೆ ಯಂಗ್ಲಾ ಗೊತ್ತಾಯ್ತು?"

"ನಮ್ಮಪ್ಪ ಬೇಯುಸ್ತಿದ್ದ ವಾಸ್ನೆ ಕಣ್ರೀ. ಮರೆಯಾಕಾಯ್ತದಾ?"

"ಅಂಗಾದ್ರೆ ನೀನೇ ಬೆರ್ಸಿದ್ದೀಯ. ಬೇಕಂತ್ಲೇ ತಂದು ಕುಡುಸ್ದೆ ನಮ್ಮವ್ವನ್ಗೆ."

ಆ ಮನೆಯ ಮಟ್ಟಿಗೆ ವಿಚಾರಣೆ ಅಷ್ಟಕ್ಕೇ ಮುಗಿಯಿತು.

ಮಂಗಳವಾರ ಕಾರ್ಖಾನೆಯ ಗೇಟಿಗೆ ಮಲ್ಲೇಶ ಒಂದು ವ್ಯಾನಿನಲ್ಲಿ ಜನ ಕರೆದುಕೊಂಡು ಬಂದ. ನಾನು ಅಲ್ಲಿದ್ದೆ, ಒಬ್ಬ ಕಾನ್‌ಸ್ಟೆಬಲ್ಲೂ ಇದ್ದ. ಮ್ಯಾನೇಜರ್ ಹೊರಗೆ ಬಂದು, ನಮ್ಮದು ಶುದ್ಧ ತರಕಾರಿ, ಪುಡಿ ಗಿಡಿ ಏನೂ ಹಾಕುವುದಿಲ್ಲ, ಟ್ಯಾಂಕಿನ ಹತ್ತಿರ ಇದ್ದವನು ಈ ಮರಿಸ್ವಾಮಿ ಒಬ್ಬನೇ, ಈಗಲೇ ಕೆಲಸದಿಂದ ತೆಗೆದಿದ್ದೇವೆ ಎಂದರು. ಹಿಂದಿನ ವಾರ ನನಗೆ ಹೇಳಿದ್ದನ್ನು ನಾನು ಜೋರಾಗಿಯೇ ನೆನಪಿಸಿದೆ. ಅವರು ನನ್ನ ಕಡೆ ತಿರುಗಲಿಲ್ಲ.

ವ್ಯಾನಿನಿಂದ ಒಬ್ಬ ಬಾಟಲಿ ತಂದು ಮುಚ್ಚಳ ಕಿತ್ತ.

"ಕುಡೀಲಾ. ನೀನೇ ಮಾಡಿದ್ದಲ್ವಾ, ಕುಡಿ."

"ನಾನು ತಿನ್ನಲ್ಲ" ಎಂದರು ಮರಿಸ್ವಾಮಿ. "ಬುಟ್ಟು ಬಾಳಾ ದಿನ ಆಯ್ತು. ನಾನೂ ತಿನ್ನಲ್ಲ ಕಣ್ರಣ್ಣ."

ಗುಂಪು ನಕ್ಕಿತು. ಮಲ್ಲೇಶನೂ ನಕ್ಕ. ಮರಿಸ್ವಾಮಿಯ ಜೊತೆ ಕೆಲಸ ಮಾಡುತ್ತಿದ್ದ ಕೆಲವರೂ ನಕ್ಕರು. ಇಬ್ಬರು ತೋಳು ಹಿಡಿದುಕೊಂಡರು, ಮೂರನೆಯವನು ಬಾಟಲಿಯನ್ನು ಬಾಯಿಗೆ ತುರುಕಿದ. ರಸ ಕುತ್ತಿಗೆಯ ಮೇಲೆ ಇಳಿದು ಅಂಗಿ ಕೆಂಪಾಯಿತು. ಅದು ಬೀಟ್‌ರೂಟಿನದು. ಕಾನ್‌ಸ್ಟೆಬಲ್ "ಸಾಕು ಬುಡ್ರಪ್ಪ" ಎಂದದ್ದು ಬಾಟಲಿ ಖಾಲಿಯಾದ ಮೇಲೆ.

ನಾನು ಕಳಿಸಿದ ವರದಿಯಲ್ಲಿ ಅಧ್ಯಾಪಕರ ಮಾತಿತ್ತು, ಚೀಲದ ವಿವರವಿತ್ತು. ಅಚ್ಚಾದದ್ದು ನಾಲ್ಕು ಸಾಲು: ತರಕಾರಿ ಪಾನೀಯದ ಬಗ್ಗೆ ವದಂತಿ, ನೌಕರ ವಜಾ, ಕಂಪನಿಯ ಸ್ಪಷ್ಟನೆ. ಮತ್ತೆ ಮತ್ತೆ ಕಳಿಸಿದರೂ ಉಳಿದದ್ದು ಬರಲಿಲ್ಲ.

ಕಾರ್ಖಾನೆ ನಡೆಯುತ್ತಲೇ ಇತ್ತು. ಕೆಲವು ವರ್ಷಗಳಲ್ಲಿ ಬಾಟಲಿಯ ಮೇಲೆ ಸಸ್ಯಾಹಾರದ ಹಸಿರು ಚುಕ್ಕೆಯೂ ಬಂತು. ಮರಿಸ್ವಾಮಿಗೆ ಬಾಯಿಗೆ ಹೋಗುವ ಪದಾರ್ಥದ ಹತ್ತಿರ ಕೆಲಸ ಸಿಗುವುದು ನಿಂತುಹೋಯಿತು. ಒಂದು ಆಲೆಮನೆಯಲ್ಲಿ ಕಬ್ಬು ಹೊರಲು ಕರೆದು, ಹೆಸರು ಕೇಳಿದ ಮೇಲೆ "ನೀನು ಬೆಲ್ಲದ್ ತಾವ್ ಬರ್ಬೇಡ" ಎಂದು ಕಳಿಸಿದರು. ಕೊನೆಗೆ ತಿ. ನರಸೀಪುರದ ಬಳಿ ಇಟ್ಟಿಗೆ ಗೂಡು ಸೇರಿದರು. ಮಗಳು ಮನೆಗೆ ತರುವುದನ್ನು ಮೂಸುವುದನ್ನೂ ಬಿಟ್ಟಿದ್ದಾರೆ ಎಂದು ಅವರ ಹೆಂಡತಿ ಹೇಳಿದರು.

ಒಂದು ದಿನ ನನ್ನನ್ನು ಹುಡುಕಿಕೊಂಡು ಬಂದರು. ಕೆಲಸ ಕೊಡಿಸಿ ಎನ್ನಲು ಬಂದಿರಬೇಕು ಎಂದುಕೊಂಡೆ.

"ಅಮ್ಮಾರು ಇನ್ನೂ ಕುಡೀತಾವ್ರಂತೆ ಸಾ. ಅಂಗ್ಡೀದು ಒಳ್ಳೇದು, ನಾನ್ ತಂದದ್ದು ಮಾತ್ರ ಕೆಟ್ಟಿತ್ತು ಅಂತ ಮಗ ಯೋಳವ್ನೆ. ನೀವ್ ಒಂದ್ ಸಲ ಹೋಗಿ ಯೋಳಿ. ನೀವ್ ಯೋಳುದ್ರೆ ನಂಬ್ತಾರೆ."

ಹೋದೆ. ಮಲ್ಲೇಶ ಇರಲಿಲ್ಲ. ಪುಟ್ಟಗೌರಮ್ಮ ನನ್ನ ಹೆಸರು, ಊರು ಕೇಳಿದರು. ಆ ಎರಡರಿಂದ ಉಳಿದದ್ದನ್ನು ತಿಳಿದುಕೊಂಡು ಒಳಗೆ ಕರೆದು ಕಾಫಿ ಕೊಟ್ಟರು. ನಾನು ಚೀಲದ ವಿಷಯ, ಅಧ್ಯಾಪಕರ ಮಾತು, ಮ್ಯಾನೇಜರ್ ಮೊದಲು ಒಪ್ಪಿಕೊಂಡದ್ದು ಎಲ್ಲವನ್ನೂ ಹೇಳಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು.

"ಮರಿಸ್ವಾಮಿ ಸುಳ್ ಹೇಳೋನಲ್ಲ ಕಣಪ್ಪ. ಅವ್ರವ್ವನೂ ಅಂಗೇ. ನಂಗೊತ್ತು."

"ಹಾಗಾದರೆ ಅದನ್ನ ನಿಮ್ಮ ಮಗನಿಗೆ ಹೇಳಬಹುದಲ್ಲ ಅಮ್ಮ?"

"ಅವ್ನು ಬೆರ್ಸುದ್ದ ಅಂದ್ರೆ ಅದು ಅವ್ನ್ ಪಾಪ. ಮೊದ್ಲಿಂದ್ಲೂ ಅದ್ರಲ್ಲೇ ಇತ್ತು ಅಂದ್ರೆ ನಂದಾಗೋಯ್ತದಲ್ಲ. ಲಿಂಗ ಕಟ್ಕೊಂಡು ಕುಡ್ದಿವ್ನಿ. ಈ ವಯಸ್ನಲ್ಲಿ ಅದ್ನ ನಾನೆಲ್ಲಿ ತೊಳ್ಕಳ್ಳಿ?"

"ಈಗ ಕುಡಿಯುತ್ತಿರುವುದು?"

"ಅಂಗ್ಡೀದು. ಅದ್ರಲ್ಲಿ ಇಲ್ಲ."

"ಇದೆ ಅಮ್ಮ."

"ಇಲ್ಲ ಅಂತ ಊರೇ ಹೇಳ್ತದೆ. ನೀನೂ ಅಂಗೇ ಅಂದ್ಬುಡು. ಕಾಫಿ ಆರೋಯ್ತದೆ, ಕುಡಿ."

ಹಿಂದಿರುಗುವಾಗ ತಿ. ನರಸೀಪುರದ ಬಸ್ ನಿಲ್ದಾಣದಲ್ಲಿ ಮರಿಸ್ವಾಮಿ ಕಾಯುತ್ತಿದ್ದರು. ಇಟ್ಟಿಗೆಯ ಕೆಂಪು ದೂಳು ರೆಪ್ಪೆಯ ಮೇಲೂ ಕೂತಿತ್ತು. ಮಾತುಗಳನ್ನು ಇದ್ದ ಹಾಗೆಯೇ ಒಪ್ಪಿಸಿದೆ. ಅವರು ಕೇಳಿದರು:

"ಆ ಮೊದುಲ್ನೇ ಮಾತು ಇನ್ನೊಂದ್ ಸಲ ಯೋಳಿ ಸಾ."

"ಮರಿಸ್ವಾಮಿ ಸುಳ್ಳು ಹೇಳೋನಲ್ಲ."

"ಎಲ್ರ್ ಮುಂದೂ ಯೋಳಾಕಿಲ್ವಂತಾ?"

"ಇಲ್ಲ."

"ಸರಿ ಬುಡಿ. ದನ ಸತ್ರೆ ಎತ್ತಾಕಕ್ಕೆ ನಮ್ಮಪ್ಪನ್ನ ಕರೀತಿದ್ರು. ಈ ಪಾಪ ಎತ್ತಾಕಕ್ಕೆ ನನ್ನ ಕರ್ದವ್ರೆ."

ಅದು ನಮ್ಮ ಕೊನೆಯ ಭೇಟಿ. ಎರಡು ಸಾವಿರದ ದಶಕದ ನಡುವೆ ಕಾಮಾಲೆಯಾಗಿ ಅವರು ತೀರಿಕೊಂಡ ಸುದ್ದಿ ಭಾವಮೈದುನನ ಫೋನಿನಿಂದ ಬಂತು. ಗೂಡಿನ ಹತ್ತಿರ ಹೊಸದಾಗಿ ಮನೆ ಮಾಡಿದ್ದಾರೆ, ಹೆಣ ಅಲ್ಲೇ ಇದೆ, ಬೇಗ ಬನ್ನಿ ಎಂದ. ನರಸೀಪುರದಲ್ಲಿ ಇಳಿದು, ರಸ್ತೆ ಬದಿಯ ಚಹದಂಗಡಿಯಲ್ಲಿ ಇಟ್ಟಿಗೆ ಗೂಡಿನ ಮರಿಸ್ವಾಮಿಯ ಮನೆ ಯಾವ ಕಡೆ ಎಂದು ಕೇಳಿದೆ. ಅಂಗಡಿಯವನಿಗೆ ಗುರುತು ಸಿಗಲಿಲ್ಲ. ಮೊದಲು ನಂಜನಗೂಡಿನಲ್ಲಿ ಕೆಲಸ ಮಾಡುತ್ತಿದ್ದವರು, ಹೆಮ್ಮಿಗೆಯವರು, ಎತ್ತರದ ಆಳು ಎಂದು ವಿವರಿಸಿದೆ. ಬೆಂಚಿನ ಮೇಲಿದ್ದವನೊಬ್ಬ ತಲೆಯೆತ್ತಿದ.

"ಯಾರು, ಜ್ಯೂಸ್‌ಗೆ ಮೂಳೆ ಆಕ್ದನಲ್ಲ, ಆ ಮರಿಸ್ವಾಮಿನಾ?"

ಹೊತ್ತು ಮೀರುತ್ತಿತ್ತು. ಹೌದು ಎಂದೆ. ದಾರಿ ತೋರಿಸಿದ.