ಒಂದು ಪೌಂಡ್ ಕಡಿಮೆ ತೋರಿಸುವ ಕಾಟಾ

ಕೊರೊನಾ ಮುಗಿದು ಶಾಲೆಗಳು ಮತ್ತೆ ತೆರೆದ ವರ್ಷವದು. ಕಪನೂರಿನ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ತೂಕದ ಯಂತ್ರ ರಿಪೇರಿ ಮಾಡುತ್ತೇನೆ. ನಮ್ಮ ಕಡೆ ಅದಕ್ಕೆ ಕಾಟಾ ಅನ್ನುತ್ತೇವೆ. ಒಂದು ಮಧ್ಯಾಹ್ನ ಫೋನ್ ಬಂತು. "ಹಳೇದೊಂದು ಕಾಟಾ ಅದರಿ, ಕೂಸು ತೂಗೋದು. ಮುಳ್ಳು ಅಳ್ಳಾಡವಲ್ಲದು. ಸಾಲಿ ಮಕ್ಕಳು ನೋಡ್ಲಾಕ ಬರ್ತಾರ, ಸರಿ ಮಾಡಿಕೊಡ್ತೀರೇನು?"

ಮಾತಾಡಿದವರು ಕಲಬುರಗಿಯ ಒಂದು ಕ್ರೈಸ್ತ ಸನ್ಯಾಸಿನಿಯರ ಸಂಘದ ಸಿಸ್ಟರ್. ಹಿಂದೆ ಆ ಸಂಘದವರು ಕಮಲಾಪುರದಲ್ಲಿ ಒಂದು ದವಾಖಾನೆ ನಡೆಸುತ್ತಿದ್ದರು. ಅದು ಮುಚ್ಚಿದ ಮೇಲೆ ಅಲ್ಲಿನ ರಿಜಿಸ್ಟರುಗಳು, ದಿನಚರಿಗಳು, ಸಾಮಾನು ಎಲ್ಲ ಕಲಬುರಗಿಯ ಅವರ ಮನೆಯ ಎರಡು ಕೋಣೆಗಳಿಗೆ ಬಂದಿವೆ. ಒಂದು ದಾಖಲೆಗಳ ಕೋಣೆ, ಇನ್ನೊಂದು ಮ್ಯೂಸಿಯಂ. ಯಾರು ಬೇಕಾದರೂ ಹೋಗಿ ಕೇಳಬಹುದು, ನೋಡಬಹುದು. ನಾನು ಹೋದಾಗ ಮುದುಕರೊಬ್ಬರು ಜನನ ದಾಖಲೆಯ ನಕಲಿಗೆ ಕಾಯುತ್ತ ಕೂತಿದ್ದರು. "ನಾ ಹುಟ್ಟೀನಿ ಅನ್ಲಾಕ ಕಾಗದ ಬೇಕಂತ ನೋಡ್ರಿ. ಎದುರಿಗೆ ಕುಂತ್ರೂ ಸಾಲವಲ್ಲದು" ಎಂದು ನನ್ನನ್ನು ನೋಡಿ ನಕ್ಕರು.

ಕಮಲಾಪುರದ ದವಾಖಾನೆ ಎಂದಾಗಲೇ ನನಗೆ ಕುತೂಹಲ ಹುಟ್ಟಿತ್ತು. ನಾನು ಹುಟ್ಟಿದ್ದು ಅಲ್ಲೇ, ನಾಲ್ಕು ಪೌಂಡಿನ ಕೂಸಾಗಿ. ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಇದ್ದ ಸಂಖ್ಯೆ ಅದು. ಅದರಿಂದಲೇ ನನಗೆ ಪಾವಶೇರ, ಅಂದರೆ ಕಾಲು ಸೇರು, ಎಂಬ ಅಡ್ಡಹೆಸರು ಬಿತ್ತು. ಅವ್ವ ಬಸುರಿಯಿದ್ದಾಗ ಹಟ ಹಿಡಿದು ಸರಿಯಾಗಿ ಉಣ್ಣಲಿಲ್ಲ, ಅದಕ್ಕೇ ಕೂಸು ಹೀಗಾಯಿತು ಎಂದು ಅವಳ ಅತ್ತೆ, ನನ್ನ ಅಜ್ಜಿ, ಸಾಯುವವರೆಗೂ ಆಡಿಕೊಂಡಳು. ಹಾಗಂತ ನನ್ನ ನೆನಪು.

ಕಾಟಾಕ್ಕೆ ಗಡಿಯಾರದಂಥ ಮುಖ, ಕೆಳಗೊಂದು ಕೊಕ್ಕೆ, ಕೊಕ್ಕೆಗೆ ಬಟ್ಟೆಯ ಜೋಳಿಗೆ. ತುಕ್ಕು ಬಿಡಿಸಿ ಎಣ್ಣೆ ಬಿಟ್ಟ ಮೇಲೆ ಮುಳ್ಳು ಓಡಾಡಿತು. ಎರಡು ಕಿಲೋದ ಬಟ್ಟು ತೂಗುಹಾಕಿದೆ. ನಾಲ್ಕೂವರೆ ಪೌಂಡಿನ ಹತ್ತಿರ ನಿಲ್ಲಬೇಕಿತ್ತು, ಮೂರೂವರೆಯ ಹತ್ತಿರ ನಿಂತಿತು. ಬೇರೆ ಬಟ್ಟು ಹಾಕಿದೆ. ಪ್ರತಿ ಸಲವೂ ಒಂದು ಪೌಂಡ್ ಕಡಿಮೆ. ಬಿಚ್ಚಿ ನೋಡಿದರೆ ಯಾರೋ ಸ್ಪ್ರಿಂಗನ್ನು ಎಳೆದು ಬಿಗಿಯಾಗಿ ಕೂಡಿಸಿದ್ದರು. ಮೊದಲ ಒಂದು ಪೌಂಡ್ ಭಾರ ಆ ಬಿಗಿಯನ್ನು ಮೀರುವುದಕ್ಕೇ ಹೋಗುತ್ತಿತ್ತು. ಖಾಲಿ ಇದ್ದಾಗ ಮುಳ್ಳು ಸೊನ್ನೆಗೇ ನಿಲ್ಲುತ್ತಿದ್ದುದರಿಂದ ನೋಡಿದವರಿಗೆ ಗೊತ್ತಾಗುವಂತಿರಲಿಲ್ಲ.

"ಹತ್ತು ನಿಮಿಷದ ಕೆಲಸರಿ, ಸರಿ ಮಾಡಿಬಿಡ್ತೀನಿ" ಎಂದೆ.

"ತಡೀರಿ, ಮುಟ್ಟಬ್ಯಾಡ್ರಿ" ಎಂದು ಸಿಸ್ಟರ್ ಒಳಗೆ ಹೋದರು. ಬರುವಾಗ ಅವರ ಕೈಯಲ್ಲಿ ಹೆರಿಗೆಯ ರಿಜಿಸ್ಟರೂ ದಿನಚರಿಯೂ ಇದ್ದವು. ರಿಜಿಸ್ಟರಿನ ಹೆಸರುಗಳ ಮೇಲೆ ಬಿಳಿ ಕಾಗದದ ಪಟ್ಟಿ ಇಟ್ಟು, ತೂಕದ ಸಾಲಷ್ಟೇ ಕಾಣುವಂತೆ ಮಾಡಿದರು. ಮಂದಿಯ ಮನೆಯ ವಿಷಯ ಹೊರಗೆ ಬೀಳಬಾರದೆಂದು ಅವರು ಯಾರಿಗೆ ತೋರಿಸಿದರೂ ಹೀಗೆಯೇ ತೋರಿಸುತ್ತಾರೆ. ಆರು, ಆರೂವರೆ, ಆರು ಎಂದು ಬರುತ್ತಿದ್ದ ತೂಕ ಒಂದು ಪುಟದ ನಡುವಿನಿಂದ ಐದು, ನಾಲ್ಕೂವರೆ, ಐದು ಎಂದು ಇಳಿದಿತ್ತು.

"ಆ ವಾರದಿಂದ ಕಮಲಾಪುರದ ಬಸುರ್ಯಾರೆಲ್ಲ ಒಮ್ಮೆಲೇ ಉಪಾಸ ಬಿದ್ರೇನು?" ಎಂದು ಸಿಸ್ಟರ್ ದಿನಚರಿ ತೆರೆದರು. ಅದೇ ವಾರದಲ್ಲಿ ಒಂದು ಸಾಲು ಇತ್ತು: ಕಾಟಾ ಕೆಳಗೆ ಬಿತ್ತು, ಪೇಟೆಯಲ್ಲಿ ಗಡಿಯಾರದವನ ಹತ್ತಿರ ಸರಿ ಮಾಡಿಸಿದೆವು. ಅದು ನಾನು ಹುಟ್ಟುವುದಕ್ಕಿಂತ ಒಂದು ವರ್ಷ ಹಿಂದಿನ ಮಾತು.

"ಈಗ ನೀವು ಇದನ್ನ ಸರಿ ಮಾಡಿದ್ರ, ಈ ರಿಜಿಸ್ಟರ್ ಯಾಕ ಹಿಂಗದ ಅಂತ ನಾಳೆ ಯಾರಿಗೂ ತಿಳಿಯಂಗಿಲ್ಲ. ಹಂಗೇ ಇರ್ಲಿ. ತಪ್ಪು ನಮ್ಮದು, ನಾವೇ ಬರದು ಪಕ್ಕದಾಗ ತೂಗಹಾಕ್ತೀವಿ."

ಅವ್ವನ ಹೆಸರು ಹೇಳಿದೆ. ಸಿಸ್ಟರ್ ಕಾಗದದ ಪಟ್ಟಿಯನ್ನು ಒಂದೊಂದೇ ಸಾಲು ಸರಿಸುತ್ತ ಹೋಗಿ ನಿಂತರು. ನಾಲ್ಕು ಪೌಂಡ್. "ಅಂದ್ರ ಐದು" ಎಂದರು. "ಐದು ಪೌಂಡಿನ ಕೂಸು ಆಗ ಈ ಕಡೆ ಮನಿಮನಿಗೂ ಇದ್ವು, ತಗೋರಿ."

ಮುಂದಿನ ವಾರ ಶಹಾಬಜಾರದ ನಮ್ಮ ಮನೆಯಿಂದ ಅವ್ವನನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಯಾಕೆಂದು ಹೇಳಿರಲಿಲ್ಲ. ಸಂಗತಿ ಕೇಳಿ ಅವಳ ಎದೆಯ ಭಾರ ಇಳಿಯುತ್ತದೆ, ಅದನ್ನು ನಾನು ನೋಡಬೇಕು ಅನ್ನುವುದು ನನ್ನ ಆಸೆ. ಅವತ್ತು ಅವಳು ಹಸಿರು ಸೀರೆ ಉಟ್ಟಿದ್ದಳು ಎಂದು ಬರೆಯಹೊರಟಿದ್ದೆ. ನೀಲಿ ಅನ್ನುತ್ತಾಳೆ.

ಅವ್ವ ಜೋಳಿಗೆಯ ಬಟ್ಟೆ ಮುಟ್ಟಿ ನೋಡಿದಳು. ನಾನು ಎಲ್ಲ ವಿವರಿಸಿದೆ.

"ಇಂವಾ ಐದು ಪೌಂಡ್ ಇದ್ನೇನ್ರಿ?"

"ಹೌದವ್ವಾ" ಎಂದರು ಸಿಸ್ಟರ್.

"ಮತ್ತ ನಾ ಇಷ್ಟು ವರ್ಷ ಅತ್ತದ್ದು? ಅದನ್ನ ಯಾವ ರಿಜಿಸ್ಟರಿನಾಗ ತಿದ್ತೀರಿ?"

ಸಿಸ್ಟರ್ ಕುರ್ಚಿ ತಂದು ಅವ್ವನನ್ನು ಕೂಡಿಸಿ, ಎದುರಿಗೆ ತಾವೂ ಕೂತು ಒಂದು ಹೊಸ ನೋಟ್‌ಬುಕ್ ತೆರೆದರು. "ನಮ್ಮ ಪುಸ್ತಕದಾಗೆಲ್ಲ ಹೆರಿಗಿ ಮಾಡಿಸಿದವರ ಮಾತೇ ಅದ. ಹಡದವರ ಮಾತು ಒಂದೂ ಇಲ್ಲ. ನೀವು ಹೇಳ್ರಿ, ಹೇಳಿದಂಗ ಬರ್ಕೋತೀನಿ."

ನಾನು ನಡುವೆ ಬಾಯಿ ಹಾಕಿದೆ. "ನಮ್ಮ ಅಜ್ಜಿ ಭಾಳ ಕಾಡಿದ್ಳ್ರೀ ಸಿಸ್ಟರ್..."

"ನೀ ಸುಮ್ಮ ಕುಂದ್ರು ಪಾವಶೇರ" ಎಂದಳು ಅವ್ವ. "ಅತ್ತಿ ಅಂದಿದ್ದು ಖರೇ. ಬಾಣಂತನ ಮುಗಿಯೋತನಕ ಅಂದಳು. ಆಮ್ಯಾಲ ತಾನೇ ಎಣ್ಣಿ ಹಚ್ಚಿ ಎರದು ನಿನ್ನ ದೊಡ್ಡಾಂವನ ಮಾಡಿದಳು." ಸಿಸ್ಟರ್ ಕಡೆ ತಿರುಗಿದಳು. "ಇಂವಾ ಪೊಲೀಸ್ ಭರ್ತಿಗೆ ಹೋಗಿದ್ದ್ರೀ. ಎದಿ ಅಳತಿ ಕಡಿಮಿ ಬಿತ್ತಂತ ತಿರುಗಿ ಬಂದ. ನಾ ರೊಟ್ಟಿ ಹಾಕಿ ಇಟ್ಟ ತಾಟು ಆಕಡೆ ದೂಡಿ, 'ನೀ ನನ್ನ ಅರ್ಧಾ ಹಡದಿ' ಅಂದ. ನಾ ಅತ್ತದ್ದು ಅವತ್ತಿಂದ."

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಮೈದಾನದ ಧೂಳು, ಬರಿಮೈಗೆ ತಗುಲಿದ ಟೇಪಿನ ತಣ್ಣಗಿನ ತುದಿ, ತಿರುಗಿ ಬರುವಾಗ ಕೂತ ಬಸ್ಸಿನ ಕಿಟಕಿ, ಎಲ್ಲ. ಅರ್ಧಾ ಹಡದಿ ಎಂಬ ಮಾತೂ ನೆನಪಿದೆ. ಆದರೆ ಅದು ಅಜ್ಜಿಯ ದನಿಯಲ್ಲಿ ನೆನಪಿದೆ. ಮಾತನ್ನು ನಾನು ಆಡಿ, ಯಾವಾಗಲೋ ಅದನ್ನು ಸತ್ತವಳ ಬಾಯಿಗೆ ಹಾಕಿ ಹಾಯಾಗಿದ್ದೆ.

ಸಿಸ್ಟರ್ ಪೆನ್ನು ನಿಲ್ಲಿಸಿದರು. "ಇದನ್ನ ಬರೀಲೇನು?" ಎಂದು ಅವ್ವನನ್ನು ಕೇಳಿದರು. ಅವ್ವ ನನ್ನ ಮುಖ ನೋಡಿದಳು.

"ಬರೀರಿ" ಎಂದೆ. ಕೂಡಲೇ ಅಂದೆ ಎಂದು ನನ್ನ ಅನಿಸಿಕೆ. ಭಾಳ ಹೊತ್ತು ತಗೊಂಡಿ ಅನ್ನುತ್ತಾಳೆ ಅವ್ವ.

ತಿರುಗಿ ಬರುವಾಗ ಆಟೋದಲ್ಲಿ ಹೇಳಿದೆ, "ಅವ್ವಾ, ನಾ ಹಂಗ ಅಂದಿದ್ದು ನನಗ ನೆನಪೇ ಇಲ್ಲ."

"ನಿನಗ ನೆನಪಾಗ್ಲಿ ಅಂತ ಹೇಳಿಲ್ಲೋ. ಅವ್ರು ಕೇಳಿದ್ರು, ಹೇಳಿದೆ. ಇಷ್ಟು ವರ್ಷದಾಗ ಯಾರರೆ ಕೇಳಿದ್ರೇನು?"

ಈಗಲೂ ವರ್ಷಕ್ಕೊಮ್ಮೆ ಹೋಗಿ ಆ ಕಾಟಾಕ್ಕೆ ಎಣ್ಣೆ ಬಿಟ್ಟು ಬರುತ್ತೇನೆ. ಸ್ಪ್ರಿಂಗ್ ಮುಟ್ಟುವುದಿಲ್ಲ. ಪಕ್ಕದಲ್ಲಿ ಒಂದು ಕಾರ್ಡು ತೂಗುತ್ತಿದೆ: ಈ ಕಾಟಾ ಒಂದು ಪೌಂಡ್ ಕಡಿಮೆ ತೋರಿಸುತ್ತದೆ. ಅದನ್ನು ಓದಿ ಕಮಲಾಪುರದ ಕಡೆಯ ಇನ್ನೂ ಕೆಲವು ಹೆಂಗಸರು ಬಂದು ತಮ್ಮ ಸಾಲು ತೆಗೆಸಿ ನೋಡಿದ್ದಾರಂತೆ. ಅವ್ವನ ಮಾತಿನ ಪುಟ ಒಳಗಿನ ಕೋಣೆಯ ಕಪಾಟಿನಲ್ಲಿದೆ. ಕೇಳಿದವರಿಗೆ ತೋರಿಸಬಹುದು ಎಂದು ಅವ್ವ ಅದರ ಕೆಳಗೆ ಹೆಬ್ಬೆಟ್ಟು ಒತ್ತಿದ್ದಾಳೆ.

ನಾನು ಇನ್ನೂ ಕೇಳಿಲ್ಲ.