ಒಂದು ಬೆರಳು, ಎರಡು ಕೀ

ಶಿರಾಳಕೊಪ್ಪದಲ್ಲಿ ಟೈಪಿಂಗ್ ಕಲಿಸುತ್ತಿದ್ದ ಕಾಲದಲ್ಲಿ ತಪ್ಪು ಕಂಡರೆ ನನಗೆ ಮೈ ಉರಿಯುತ್ತಿತ್ತು. ತೊಂಬತ್ತಾರರಲ್ಲಿ ಆ ಉರಿಯನ್ನೆಲ್ಲ ಸಹಿಸಿದವರು ನೀಲಾಂಬಿಕ. ಗುಮಾಸ್ತನಾಗಿದ್ದ ಗಂಡ ತೀರಿಕೊಂಡ ಮೇಲೆ ಅನುಕಂಪದ ನೌಕರಿ ಸಿಕ್ಕಿತ್ತು. ಕನ್ನಡ ಟೈಪಿಂಗ್ ಜೂನಿಯರ್ ಪರೀಕ್ಷೆ ಪಾಸಾಗದಿದ್ದರೆ ಅದು ಉಳಿಯುವಂತಿರಲಿಲ್ಲ. ಎರಡು ಸಲ ಫೇಲಾಗಿದ್ದರು.

ಅವರು ಒಂದು ಬೆರಳು ಇಟ್ಟರೆ ಎರಡು ಕೀ ಒತ್ತಿಹೋಗುತ್ತಿದ್ದವು. ಟೈಪ್‌ರೈಟರಿನ ಅಕ್ಷರದ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಂಡು ನಿಲ್ಲುತ್ತಿದ್ದವು. "ಬೆರಳೇನ್ರಿ ಅವು, ಒನಕೆನಾ?" ಎಂದು ರೇಗುತ್ತಿದ್ದೆ. ಅವರು ನಕ್ಕು, ಕಡ್ಡಿ ಬಿಡಿಸಿ, ಹೊಸ ಹಾಳೆ ಸೇರಿಸುತ್ತಿದ್ದರು.

ಆ ನಗು ನಮ್ಮ ತರಗತಿಯಲ್ಲಿ ಮಾತ್ರ. ಉಳಿದಂತೆ ಮನೆ, ಕಚೇರಿ, ಮತ್ತೆ ಮನೆ. ತವರು ಉಳವಿಗೂ ವರ್ಷಕ್ಕೊಮ್ಮೆ. ಪಾಠ ಮುಗಿದ ಕೂಡಲೇ ಮನೆಗೆ ಕರೆದುಕೊಂಡು ಹೋಗಲು ಮೈದುನ ಸಿದ್ಧಲಿಂಗೇಶ್ ದಿನವೂ ಬೈಕ್ ತಂದು ಹೊರಗೆ ಕಾಯುತ್ತಿದ್ದ. ಪರೀಕ್ಷೆಯ ಹೆಸರಿನಲ್ಲಿ ಸಂಜೆ ನಮ್ಮಲ್ಲಿ ಕೂರುವ ಒಂದು ತಾಸು ಮಾತ್ರ ಅವರದಾಗಿತ್ತು.

ಎರಡೆರಡು ಕೀ ಬೀಳುವುದಕ್ಕೆ ಒಂದು ದಿನ ತಾವೇ ಕಾರಣ ಹೇಳಿದರು. "ಎರಡು ಹೊತ್ತು ರೊಟ್ಟಿ ತಟ್ತೀನಿ ಸರ್. ನಾಲ್ಕೂ ಬೆರಳು ಒಟ್ಟಿಗೇ ಬೀಳ್ತಾವೆ. ಇಲ್ಲೂ ಹಂಗೇ ಆಗ್ತದೆ."

"ಹಂಗಾರೆ ಒಂದೊಂದೇ ಬೆರಳಲ್ಲಿ ತಟ್ರಿ," ಎಂದೆ ಚೇಷ್ಟೆಗೆ.

ಅವರು ಹಾಗೇ ಮಾಡಿದರು. ಬೆರಳು ಬಾಗಿಸಿ, ತುದಿಯಿಂದಷ್ಟೇ, ಕಿರುಬೆರಳಿನಿಂದ ತೋರುಬೆರಳಿಗೆ ಪಾಠದ ಕ್ರಮದಲ್ಲೇ ಹಿಟ್ಟು ತಟ್ಟಿದರು. ರೊಟ್ಟಿಯ ಅಂಚು ಒಡೆಯಿತು, ಅತ್ತೆ ದ್ಯಾಮಮ್ಮ ಬೈದರು. ಆದರೆ ಮೂರು ತಿಂಗಳಲ್ಲಿ ಹಾಳೆಗೆ ಮೂವತ್ತಿದ್ದ ತಪ್ಪು ಎರಡಕ್ಕೆ ಇಳಿಯಿತು. ನಾನು ಬೀಗಿದೆ. ಪರೀಕ್ಷೆ ಬರೆದ ಮೇಲೂ, ಫಲಿತಾಂಶದವರೆಗೆ ಅಭ್ಯಾಸ ಬಿಡಬಾರದೆಂದು ಅವರು ಬರುತ್ತಲೇ ಇದ್ದರು.

ಪಟ್ಟಿ ಕೈಗೆ ಬಂದ ಸಂಜೆ ನನಗೆ ತಡೆಯಲಾಗಲಿಲ್ಲ. ಹೊರಗೆ ಕಾಯುತ್ತಿದ್ದ ಸಿದ್ಧಲಿಂಗೇಶನಿಗೆ ಕಿಟಕಿಯಿಂದಲೇ ಕೂಗಿದೆ. "ನಿಮ್ಮತ್ತಿಗೆ ಪಾಸಾದ್ರು ಕಣಪ್ಪ."

ನೀಲಾಂಬಿಕರ ಬೆರಳು ನಿಂತವು.

"ಅವನಿಗ್ಯಾಕ್ ಹೇಳಿದ್ರಿ ಸರ್," ಎಂದರು ಮೆಲ್ಲಗೆ. "ನೌಕರಿ ಉಳೀಬೇಕಂದ್ರೆ ಸೀನಿಯರ್ ಪರೀಕ್ಷೆನೂ ಕಟ್ಟಲೇಬೇಕಂತೆ ಅಂತ ಮನೇಲಿ ಹೇಳೋಣ ಅಂತಿದ್ದೆ."

ಅಷ್ಟರಲ್ಲಿ ಅವನು ಒಳಗೆ ಬಂದು ಕೈಮುಗಿದ. ಕೆಟ್ಟವನಲ್ಲ, ಪಾಪ. "ಭಾಳ ಉಪಕಾರ ಆತ್ರಿ ಸರ್. ನಾಳೆಯಿಂದ ಕಚೇರಿ ಬಿಟ್ಟ ಕೂಡ್ಲೇ ಮನೆ ಸೇರ್ತಾರೆ."

ನನ್ನ ನಾಲಿಗೆ ಕಿತ್ತು ಎಸೆಯಬೇಕೆನಿಸಿತು. ನೀಲಾಂಬಿಕ ಯಂತ್ರಕ್ಕೆ ಹೊದಿಕೆ ಹಾಕಿ, ಅದರ ಮೂಲೆಗಳನ್ನು ನೆಟ್ಟಗೆ ಎಳೆದು, ಅವನ ಹಿಂದೆ ನಡೆದರು.

ಒಂದು ವಾರ ಆ ತಾಸಿಗೆ ಆ ಯಂತ್ರದ ಮುಂದೆ ನಾನು ಯಾರನ್ನೂ ಕೂರಿಸಲಿಲ್ಲ. ಅವರು ಬರಲಿಲ್ಲ.